ಗುಡಿಸದ ಮರಳು

ಆ ದ್ವೀಪದಲ್ಲಿ ಎಷ್ಟು ಜಾತಿಯ ಇರುವೆಸಿಂಹಗಳಿವೆಯೆಂದು ನೋಡಲು ಹೋಗಿದ್ದೆ. ಮರಳಿನಲ್ಲಿ ಆಲಿಕೆಯಂಥ ಕುಳಿ ತೋಡಿ ತಳದಲ್ಲಿ ಅವಿತು ಕೂರುವ ಹುಳು ಅದು. ಅಂಚಿಗೆ ಏನಾದರೂ ತಾಗಿದರೆ ಮರಳು ಚಿಮ್ಮಿಸುತ್ತದೆ.

ಇಳಿದುಕೊಂಡದ್ದು ದೀಪಸ್ತಂಭದ ಕಾವಲುಗಾರನ ಮನೆಯಲ್ಲಿ. ಮುದುಕ ಸೂರಿನಡಿಯ ಮರಳನ್ನು ದಿನಕ್ಕೆ ಮೂರು ಸಲ ಗುಡಿಸುತ್ತಿದ್ದ.

"ಕುಳಿ ಮುಚ್ಚಿಹೋಗುತ್ತೆ ಅಜ್ಜ, ಎರಡು ದಿನ ಪೊರಕೆ ಮುಟ್ಟಬೇಡಿ."

"ನೀವು ಹೇಳ್ತೀರಿ ಅಂತ ಬಿಡ್ತೀನಿ, ಹುಳದ ಡಾಕ್ಟ್ರೇ," ಎಂದ, ಒಲ್ಲದ ಮನಸ್ಸಿನಿಂದ.

ಮೂರನೆಯ ಮಧ್ಯಾಹ್ನ ಮೆಟ್ಟಿಲಿನಿಂದ ನನ್ನ ಕೋಣೆಯ ಬಾಗಿಲವರೆಗೆ ನಲವತ್ತೊಂದು ಕುಳಿಗಳಿದ್ದವು. ಸ್ಟೂಲ್ ಹಾಕಿಕೊಂಡು ಬರೆಯುತ್ತಿದ್ದೆ. ದ್ವೀಪದಲ್ಲಿ ಈವರೆಗೆ ಒಂದು ಇರುವೆಯನ್ನೂ ಕಂಡಿಲ್ಲವೆಂದು ಆಗ ಹೊಳೆಯಿತು. ಗಾಳಿಯೂ ಇರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಬಳಿಯ ಕುಳಿಯಲ್ಲಿ ಮರಳು ಚಿಮ್ಮಿತು. ಆಮೇಲೆ ಒಂದು ಹೆಜ್ಜೆ ಈಚೆಗೆ. ಮತ್ತೊಂದು ಹೆಜ್ಜೆ ಈಚೆಗೆ. ಅದು ನನ್ನ ಮಗ್ಗುಲಲ್ಲೇ ಹಾದುಹೋದಾಗ ಆ ಸುಡುಬಿಸಿಲಲ್ಲೂ ಆ ಕಡೆಯ ಮೊಣಕೈ ತಣ್ಣಗಾಯಿತು. ಬಾಗಿಲ ಬಳಿಯ ಕೊನೆಯ ಕುಳಿ ಚಿಮ್ಮಿ, ಎಲ್ಲ ನಿಂತಿತು.

"ಅದಕ್ಕೇ ನಾನು ಗುಡಿಸ್ತಿದ್ದಿದ್ದು," ಎಂದ ನನ್ನ ಹಿಂದೆ ಬಂದು ನಿಂತಿದ್ದ ಮುದುಕ. "ಬರೋದು ಹೋಗೋದು ಕಣ್ಣಿಗೆ ಬೀಳದಿದ್ರೆ ನಿದ್ದೆನಾದ್ರೂ ಬರುತ್ತೆ."

ಸಂಜೆ ದೋಣಿ ಬರುವತನಕ ಆ ಕುಳಿಗಳನ್ನೇ ನೋಡುತ್ತ ಕೂತೆ. ಒಂದೂ ಮತ್ತೆ ಚಿಮ್ಮಲಿಲ್ಲ.

ನನ್ನ ಚೀಲ ಈಗಲೂ ಆ ಕೋಣೆಯಲ್ಲೇ ಇದೆ.