ಮುಂದಿನ ಸಾಲು

ಬರಡು ಬಯಲಿನ ನಡುವೆ ಒಂದು ನೀರಿನ ಸೆಲೆ, ಸುತ್ತ ಖರ್ಜೂರದ ತೋಪು, ಅಷ್ಟೇ ಆ ಊರು. ಅಲ್ಲಿಯ ಬಾವಿಯ ಹೂಳೆತ್ತಲು ನಾನೂ ನನ್ನವಳೂ ಹೋಗಿದ್ದೆವು. ಕೆಳಗಿಂದ ನಾನು ದೇವರ ಪದದ ಒಂದು ಸಾಲು ಹೇಳಿದರೆ, ಮೇಲೆ ಬುಟ್ಟಿಯ ಹಗ್ಗ ಹಿಡಿದ ಅವಳು ಮುಂದಿನ ಸಾಲು ಹೇಳುತ್ತಾಳೆ. ಇಬ್ಬರೂ ಕ್ಷೇಮವೆಂದು ಅದೇ ಗುರುತು.

ಅಂದು ಮುಂದಿನ ಸಾಲು ನನ್ನ ಪಾದದಡಿಯಿಂದ ಬಂತು. ಕೆಸರು ಮೈಯಂತೆ ಬೆಚ್ಚಗಿತ್ತು. ಬುಟ್ಟಿ ಅಲ್ಲೇ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ.

"ಏನ್ರೀ, ಕೆಲಸಕ್ಕೆ ಚಕ್ಕರ್ ಹೊಡೀತೀರಾ?" ಎಂದು ಅವಳು ನಕ್ಕಳು.

"ಮಾತು ಬೇಡ ಕಣೇ, ಹೊರಡೋಣ."

ಅವಳು ಹಗ್ಗ ಸುತ್ತತೊಡಗಿದಳು. ಬಾವಿಯೊಳಗಿಂದ ನನ್ನದೇ ದನಿಯಲ್ಲಿ ಮೊದಲ ಸಾಲು ಕೇಳಿತು. ನಾನು ತಡೆಯುವ ಮೊದಲೇ, ರೂಢಿಯಂತೆ ಅವಳು ಮುಂದಿನದನ್ನು ಹೇಳಿಬಿಟ್ಟಳು.

ಬುಟ್ಟಿ ತುಂಬಿದಾಗ ನಾನು ಜಗ್ಗುವ ಹಾಗೆಯೇ, ಕೆಳಗಿಂದ ಯಾರೋ ಹಗ್ಗ ಜಗ್ಗಿದರು.