ಅವ್ವನ ಮೇಲಿನ ಸ್ವರ

ಮೇಲಿನ ಸ್ವರಕ್ಕೆ ಏರಿದ ಶಿವರತ್ನಮ್ಮನವರ ದನಿ ಅಲ್ಲಿಯೇ ಒಡೆಯಿತು. ಪೂಜೆ ಮುಗಿಸಿ, ತಂಬೂರಿ ಮೀಟುತ್ತ ದೇವರ ಮುಂದೆ ಕುಳಿತಿದ್ದ ಅವರು ಮತ್ತೊಮ್ಮೆ ಕೆಳಗಿನಿಂದ ಹತ್ತಿದರು. ಮತ್ತೆ ಅದೇ ಜಾಗದಲ್ಲಿ, ಹಳೆಯ ಸೀರೆ ಹರಿದ ಹಾಗೆ, ದನಿ ಎರಡಾಯಿತು. ಮೂರನೆಯ ಸಲ ಅವರು ಹತ್ತಲಿಲ್ಲ. ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದರು...

ನಡುಮನೆಯಲ್ಲಿ ಮೂವರು ಕೇಳುತ್ತಿದ್ದರು. ಶಿವರತ್ನಮ್ಮನವರ ಅಣ್ಣ ಸಿದ್ದಮಲ್ಲಪ್ಪನವರು ಕಂಬಕ್ಕೊರಗಿ ಕುಳಿತಿದ್ದರು. ಅವರ ಮಗಳೂ ಈ ಮನೆಯ ಸೊಸೆಯೂ ಆದ ಚನ್ನಾಜಮ್ಮ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೆಂಗಳೂರಿನಿಂದ ಅದೇ ತಾನೆ ಬಂದಿಳಿದ ಅವಳ ಗಂಡ, ಶಿವರತ್ನಮ್ಮನವರ ಮಗ ಕೆಂಪನಂಜಪ್ಪ, ಸ್ಯಾಕ್ಸೊಫೋನಿನ ಕರಿಯ ಪೆಟ್ಟಿಗೆಯನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ. ತಾಯಿಗೆ ಹುಷಾರಿಲ್ಲ, ಕೂಡಲೇ ಬಾ ಎಂದು ಮಾವ ಕೊಟ್ಟ ತಂತಿ ಅವನ ಜೇಬಿನಲ್ಲಿತ್ತು. ಜ್ವರವೋ ಎದೆನೋವೋ ಎಂದು ದಾರಿಯುದ್ದಕ್ಕೂ ಹೆದರಿಕೊಂಡು ಬಂದವನಿಗೆ ಈಗ ಕಾಯಿಲೆ ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಶಿವರತ್ನಮ್ಮನವರ ಹೆಸರು ಕೇಳದವರು ಆ ಸೀಮೆಯಲ್ಲಿರಲಿಲ್ಲ. ಐವತ್ತಾರರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಸಂತೋಷಕ್ಕೆ ಊರಿನವರು ಒಂದು ಸಭೆ ಮಾಡಿದ್ದರು. ಗಂಡನನ್ನು ಕಳೆದುಕೊಂಡು ಎರಡು ವರ್ಷ ಮನೆಯಿಂದ ಹೊರಗೆ ಬಾರದಿದ್ದ ತಂಗಿಯನ್ನು ಸಿದ್ದಮಲ್ಲಪ್ಪನವರೇ ಕೈಹಿಡಿದು ಅಂದು ವೇದಿಕೆಗೆ ಹತ್ತಿಸಿದರು. ವಿಧವೆ ಹಾಡುವುದೇ ಎಂದವರನ್ನು ಎದುರು ನಿಂತು ಗದರಿದರು. ಅಲ್ಲಿಂದ ಮುಂದೆ ಆಕೆಯ ವಚನಗಳೂ ಮಾದಪ್ಪನ ಪದಗಳೂ ರೇಡಿಯೋದಲ್ಲಿ ಬಂದವು, ಗ್ರಾಮಫೋನು ಪ್ಲೇಟಾದವು. ಹನೂರಿನ ಹೋಟೆಲಿನಲ್ಲಿ, ಬಂಡಳ್ಳಿಯ ಮದುವೆ ಚಪ್ಪರದಲ್ಲಿ, ಎಲ್ಲೆಲ್ಲೂ ಅದೇ ದನಿ. ಕೆಂಪನಂಜಪ್ಪ ಆ ದನಿಯ ಕೆಳಗೇ ಬೆಳೆದ. ಮೈಸೂರಿಗೆ ಓದಲು ಹೋದವನು ಓದು ಬಿಟ್ಟು, ಅರಮನೆ ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಮೇಷ್ಟರ ಬಳಿ ಸ್ಯಾಕ್ಸೊಫೋನ್ ಕಲಿತ. ಮದುವೆಯಾದ ಮೇಲೆ ಹೆಂಡತಿಯನ್ನು ಅವ್ವನ ಬಳಿ ಬಿಟ್ಟು, ಬೆಂಗಳೂರಿನ ದಂಡುಪ್ರದೇಶದ ಹೋಟೆಲೊಂದರಲ್ಲಿ ಜಾಝ್ ಬ್ಯಾಂಡಿಗೆ ಸೇರಿದ್ದ.

ಆ ಬ್ಯಾಂಡಿನ ಯಜಮಾನ ಗೋವೆಯ ಕಡೆಯ ಮುದುಕ. ಎಷ್ಟು ಚೆನ್ನಾಗಿ ನುಡಿಸಿದರೂ ಅವನು ತಲೆಯಾಡಿಸುತ್ತಿದ್ದ. "ಇದು ಇನ್ಯಾರದೋ ಗಂಟಲು. ಬಹಳ ಒಳ್ಳೆಯ ಗಂಟಲು. ಆದರೆ ನಿನ್ನದೆಲ್ಲಿ?" ಎಂದು ಒಮ್ಮೆ ಕೇಳಿದ್ದ. ಕೆಂಪನಂಜಪ್ಪ ಅದನ್ನು ಹುಡುಕುತ್ತಿರುವಾಗಲೇ ತಂತಿ ಬಂದಿತ್ತು.

ಊಟವಾದ ಮೇಲೆ ಸಿದ್ದಮಲ್ಲಪ್ಪನವರು ಅಳಿಯನನ್ನು ಹಿತ್ತಲಿಗೆ ಕರೆದರು.

"ನೋಡ್ಲಾ ನಂಜಪ್ಪ, ಡಾಕ್ಟ್ರು ಗಂಟಲಲ್ಲಿ ಗಂಟಾಗ್ಯದೆ ಅಂದವ್ರೆ. ಜೀವಕ್ಕೇನೂ ಇಲ್ಲ. ಕೆಳಗಿನ ದನಿ ಅಂಗೇ ಅದೆ, ಮೇಲಕ್ಕೆ ಓಯ್ತಾ ಇಲ್ಲ. ಆ ನಿನ್ನ ಪೀಪಿ ಅದಲ್ಲ, ಅದನ್ನ ತಕಂಡು ಅವಳ ಪಕ್ಕ ಕೂತ್ಕ. ಅವಳ ದನಿ ಎಲ್ಲಿ ನಿಲ್ತದೋ ಅಲ್ಲಿಂದ ನೀನು ಎತ್ಕ. ಕೇಳೋರಿಗೆ ಗೊತ್ತಾಗಬಾರ್ದು."

"ಎಷ್ಟು ದಿನ ಮಾವ?"

"ಅವಳು ವೇದಿಕೆ ಮೇಲೆ ಕೂರೋವರ್ಗೂ. ಹಾಡು ನಿಂತೋದ್ರೆ ನನ್ನ ತಂಗಿ ಬದುಕ್ತಾಳೇನ್ಲಾ? ಗಂಡ ಸತ್ತಾಗ ಎರಡು ವರ್ಷ ಗೋಡೆ ನೋಡ್ಕಂಡು ಕೂತಿದ್ಳು. ನೀನು ಆಗ ಸಣ್ಣ ಮಗ. ನಾನು ನೋಡಿವ್ನಿ..."

ಅವನು ಬೆಂಗಳೂರಿಗೆ ಕಾಗದ ಬರೆದು ಕೆಲಸ ಬಿಟ್ಟ.

ಎರಡು ವರ್ಷ ಹಾಗೆಯೇ ನಡೆಯಿತು. ತಾಯಿಯ ಪಕ್ಕದಲ್ಲಿ ಒಂದು ಮೊಳ ಹಿಂದೆ ಅವನು ಕೂರುತ್ತಿದ್ದ. ಅವ್ವನ ಹೆಗಲು ಎಲ್ಲಿ ಬಿಗಿಯುತ್ತದೆ, ಉಸಿರು ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗೆ ಕಂಠಪಾಠವಾಯಿತು. ದನಿ ಒಡೆಯುವ ಅರೆಗಳಿಗೆ ಮುಂಚೆ ಅವನ ವಾದ್ಯ ನವಿರಾಗಿ ಒಳಗೆ ಬರುತ್ತಿತ್ತು. ಅದೇ ಎಳೆತ, ಅದೇ ತುಸು ಮೂಗಿನ ಅನುಸ್ವಾರ. ಜನ ಕಣ್ಣು ಮುಚ್ಚಿ ತಲೆದೂಗಿ, ಶಿವರತ್ನಮ್ಮನವರ ದನಿಗೆ ವಯಸ್ಸೇ ಆಗಲಿಲ್ಲವಲ್ಲ ಎನ್ನುತ್ತಿದ್ದರು. ತಾಯಿ ಮಗ ಈ ವಿಷಯವನ್ನು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ. ಕಛೇರಿ ಮುಗಿಸಿ ಬಂದ ಮೇಲೆ ಅವರು ಅವನ ತಟ್ಟೆಗೆ ಒಂದು ಸೌಟು ತುಪ್ಪ ಹೆಚ್ಚು ಹಾಕುತ್ತಿದ್ದರು. ಅವನು ತಲೆಯೆತ್ತದೆ ಉಣ್ಣುತ್ತಿದ್ದ.

ಬೆಳಗ್ಗೆ ಮಾತ್ರ ಕೆರೆ ಏರಿಯ ಮೇಲೆ ಒಬ್ಬನೇ ಹೋಗಿ ನುಡಿಸುತ್ತಿದ್ದ. ಅಲ್ಲಿಯೂ ಬೆರಳು ಅವ್ವನ ಪದಗಳ ದಾರಿಯನ್ನೇ ಹಿಡಿಯುತ್ತಿತ್ತು. ಹೋಟೆಲಿನಲ್ಲಿ ಕಲಿತದ್ದನ್ನು ನುಡಿಸಲು ಹೋದರೆ ಗೋವೆಯ ಮುದುಕನ ಗಂಟಲಾಗುತ್ತಿತ್ತು. ಒಂದು ಬೆಳಗ್ಗೆ ಬುತ್ತಿ ತಂದ ಚನ್ನಾಜಮ್ಮ, ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡುತ್ತ ಕುಳಿತಿದ್ದ ಗಂಡನನ್ನು ಕಂಡಳು.

"ಯಾಕ್ರೀ, ಊದ್ನಿಲ್ವಾ?"

"ಊದಕ್ಕೆ ನಂದು ಅಂತ ಏನದೆ ಚನ್ನಿ... ಇದ್ದಿದ್ರೆ ಇಷ್ಟೊತ್ತಿಗೆ ಬರ್ತಿರ್ನಿಲ್ವಾ?"

ಅವಳು ಅವನ ಪಕ್ಕ ಕುಳಿತು ಬುತ್ತಿ ಬಿಚ್ಚಿದಳು. ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಎಪ್ಪತ್ತರ ಮಾಘದಲ್ಲಿ ಯಳಂದೂರಿನ ವಾಚನಾಲಯದವರು ವಾರ್ಷಿಕೋತ್ಸವಕ್ಕೆ ಕರೆದರು. ಹೈಸ್ಕೂಲಿನ ಬಯಲಿನಲ್ಲಿ ಸಂಜೆ ಐದಕ್ಕೆ ಕಛೇರಿ. ವೇದಿಕೆ ಹತ್ತುವಾಗ ತಾಯಿಯ ಕಣ್ಣು ಕೆಂಪಗಿದ್ದುದನ್ನು ಕೆಂಪನಂಜಪ್ಪ ಗಮನಿಸಿದ. ದಾರಿಯ ಧೂಳಿರಬೇಕು ಎಂದುಕೊಂಡ. ಮುಂದಿನ ಸಾಲಿನಲ್ಲಿ ಸಿದ್ದಮಲ್ಲಪ್ಪನವರು ಜರಿ ಪೇಟ ಸುತ್ತಿ ಕುಳಿತಿದ್ದರು.

ಮೊದಲನೆಯ ಪದದಲ್ಲೇ ಅದು ನಡೆಯಿತು. ಶಿವರತ್ನಮ್ಮನವರ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅವರ ಹೆಗಲು ಬಿಗಿಯಿತು. ಕೆಂಪನಂಜಪ್ಪ ಉಸಿರೆಳೆದುಕೊಂಡ. ಆಗ ಅವರು ಹಾಡುತ್ತಲೇ ಹಿಂದಕ್ಕೆ ಕೈಚಾಚಿ ಅವನ ಬೆರಳುಗಳನ್ನು ಅದುಮಿ ಹಿಡಿದರು. ದನಿ ಒಂಟಿಯಾಗಿ ಮೇಲಕ್ಕೆ ಹೋಗಿ, ಆ ಐನೂರು ಜನರ ಎದುರಿಗೆ ಒಡೆಯಿತು.

ಸಿದ್ದಮಲ್ಲಪ್ಪನವರು ಅರ್ಧ ಎದ್ದು ನಿಂತರು.

"ಕೇಳುದ್ರಲ್ಲ," ಎಂದರು ಶಿವರತ್ನಮ್ಮ, ಶಾಂತವಾಗಿ. "ಈಗ ನನ್ನ ದನಿ ಇದೇಯ. ಎರಡು ವರ್ಷದಿಂದ ಅಲ್ಲಿಗಂಟ ಓಯ್ತಿದ್ದದ್ದು ನಾನಲ್ಲ, ನನ್ನ ಮಗ. ನನಗೆ ಅಂತ ನೀವು ತಟ್ಟಿದ ಚಪ್ಪಾಳೆ ಅವನಿಗೆ ಸೇರಬೇಕಾದ್ದು. ನಾನು ಇನ್ನ ವೇದಿಕೆ ಮೇಲೆ ಹಾಡಕಿಲ್ಲ. ಇವತ್ತು ಅವನು ಅವನದನ್ನ ನುಡಿಸ್ತಾನೆ. ಮನಸಿದ್ದೋರು ಕೂತು ಕೇಳಿ, ಓಗೋರು ಓಗ್ಬೋದು. ನಂಗೆ ಬೇಜಾರಿಲ್ಲ."

ಕೆಂಪನಂಜಪ್ಪ ಬಾಗಿ ತಾಯಿಯ ಕಿವಿಯಲ್ಲಿ ಹೇಳಿದ: "ಅವ್ವ, ನನಗೇನೂ ಬರಕಿಲ್ಲ. ನಿನ್ನ ಪದ ಬಿಟ್ರೆ ನನಗೇನೂ ಗೊತ್ತಿಲ್ಲ..."

"ಗೊತ್ತಿಲ್ದೇ ಇದ್ದದ್ನೇ ನುಡ್ಸು ಮಗ. ತಪ್ಪಾದ್ರೆ ತಪ್ಪಾಗ್ಲಿ. ನಾನು ಇಲ್ಲೇ ಕೂತಿವ್ನಿ."

ಅವನು ವಾದ್ಯವನ್ನು ತುಟಿಗಿಟ್ಟ. ಮೇಲಿನ ಸ್ವರಗಳತ್ತ ಬೆರಳು ತಾನಾಗಿ ಹೊರಟಿತು. ಅವೆಲ್ಲ ಅವ್ವನವು. ಅವನು ಬೆರಳನ್ನು ಹಿಂದಕ್ಕೆ ತಂದ. ಎರಡು ವರ್ಷದಿಂದ ಈ ಜನರೆದುರು ಒಮ್ಮೆಯೂ ಮುಟ್ಟದೆ ಬಿಟ್ಟಿದ್ದ ಕಟ್ಟಕಡೆಯ ಕೆಳಗಿನ ಸ್ವರವನ್ನು ಊದಿದ. ಅದು ಗೊಗ್ಗರಾಗಿ, ಅರ್ಧ ಬರಿಯ ಗಾಳಿಯಾಗಿ ಬಂತು. ಯಾರೋ ನಕ್ಕರು. ಮತ್ತೆ ಊದಿದ. ಅಲ್ಲಿಂದ ಒಂದೊಂದೇ ಹೆಜ್ಜೆ ಇಟ್ಟ. ನಡುವೆ ಒಂದು ಸ್ವರ ತಪ್ಪಿತು. ನಾಚಿಕೆಯಿಂದ ಮೈ ಬಿಸಿಯಾಯಿತು, ಆದರೆ ಓಡಿಹೋಗಲು ದಾರಿಯಿರಲಿಲ್ಲ. ಆ ತಪ್ಪಿದ ಸ್ವರಕ್ಕೇ ಮತ್ತೆ ಬಂದ, ಮೂರನೆಯ ಸಲವೂ ಬಂದ. ಈ ಸಲ ಅದು ತಪ್ಪೆನ್ನಿಸಲಿಲ್ಲ. ಅದರ ಸುತ್ತ ಒಂದು ನಡಿಗೆ ಹುಟ್ಟಿತು. ಸ್ವಲ್ಪ ತಡವರಿಸುವ, ತಾಳದ ಹಿಂದೆ ಹಿಂದೆ ಉಳಿಯುವ, ಹೇಳಬೇಕಾದ್ದನ್ನು ನುಂಗಿಕೊಂಡು ಬದುಕಿದ ಮನುಷ್ಯನ ನಡಿಗೆ. ತಬಲದ ಹನುಮಯ್ಯ ಏನು ಬಾರಿಸಬೇಕೆಂದು ತಿಳಿಯದೆ ಕೈ ಎತ್ತಿಕೊಂಡೇ ಕೂತಿದ್ದವನು, ಹೊತ್ತಾದ ಮೇಲೆ ಎಡಗೈಯಿಂದ ಮೆಲ್ಲಗೆ ಜೊತೆಗೂಡಿದ.

ಜನರಲ್ಲಿ ಕಾಲುಭಾಗ ಎದ್ದು ಹೋಯಿತು. ಸಿದ್ದಮಲ್ಲಪ್ಪನವರು ಎಲ್ಲರಿಗಿಂತ ಮೊದಲು ಹೋಗಿದ್ದರು. ಮುಗಿದಾಗ ಚಪ್ಪಾಳೆ ಚದುರಿದ ಹಾಗೆ ಬಿತ್ತು. ಮೆಟ್ಟಿಲ ಬಳಿ ಮಧುವನಹಳ್ಳಿಯ ರೈತ ದೊಡ್ಡಮಾದಪ್ಪ ಅವನನ್ನು ತಡೆದು ನಿಲ್ಲಿಸಿದರು.

"ನೀನು ಏನು ನುಡಿಸ್ದೆ ಅಂತ ನಂಗೆ ಒಂದೂ ಗೊತ್ತಾಗ್ನಿಲ್ಲ ಕಣಪ್ಪ. ಎದ್ದೋಗವ ಅಂದ್ಕಂಡೆ. ಆದ್ರೆ ಯಾಕೋ ಎದ್ದೋಗಕ್ಕೂ ಆಗ್ನಿಲ್ಲ."

ಉಳಿದುಕೊಂಡಿದ್ದ ಮನೆಗೆ ಬಂದಾಗ ಚನ್ನಾಜಮ್ಮ ಒಂದು ಕಾಗದವನ್ನು ಅವನ ಕೈಗಿಟ್ಟಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಅವಳು ಅದನ್ನು ಕಛೇರಿಗೆ ಮೊದಲು ಅತ್ತೆಗೆ ಓದಿ ಹೇಳಿದ್ದಳು. ಗೋವೆಯ ಮುದುಕ ಇಂಗ್ಲಿಷಿನಲ್ಲಿ ಬರೆದಿದ್ದ: 'ಬ್ಯಾಂಡಿನಲ್ಲಿ ಮತ್ತೆ ಜಾಗ ಖಾಲಿಯಾಗಿದೆ. ತಿಂಗಳ ಕೊನೆಯೊಳಗೆ ಬಾ. ಬರುವಾಗ ಆ ದೊಡ್ಡ ಗಂಟಲನ್ನು ಮನೆಯಲ್ಲಿ ಬಿಟ್ಟು ಬಾ. ನಾನು ನಿನ್ನನ್ನು ಕೇಳಬೇಕು.' ಆ ತಿಂಗಳು ಮುಗಿದು ಮೂರು ವಾರವಾಗಿತ್ತು.

"ಅಪ್ಪನ ಕೋಟು ಒಗೆಯಕ್ಕೆ ತಕಂಡಿದ್ದೆ, ಜೇಬಲ್ಲಿತ್ತು. ನಿಮಗೆ ಬಂದಿದ್ದನ್ನ ಅಂಚೆಯವನತ್ರ ಇಸ್ಕಂಡು ಮಡಿಕಂಡವ್ನೆ," ಎಂದಳು. "ಹೆತ್ತಪ್ಪ... ಬಚ್ಚಿಟ್ಟುಬುಡನ ಅಂತ ಒಂದು ಗಳಿಗೆ ಅನ್ನಿಸ್ತು. ಆಗ್ನಿಲ್ಲ ಕಣ್ರೀ."

ಶಿವರತ್ನಮ್ಮ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಬೆನ್ನು ಸವರಿದರು. ಮಗನ ಕಡೆ ನೋಡಲು ಮಾತ್ರ ಅವರಿಂದ ಆಗಲಿಲ್ಲ.

"ಅಣ್ಣನೊಬ್ಬನದೇ ತಪ್ಪಲ್ಲ ನಂಜಪ್ಪ. ನಾನೂ ಬಾಯಿ ಮುಚ್ಕಂಡಿದ್ದೆ. ಆ ಚಪ್ಪಾಳೆ ನಂಗೂ ಬೇಕಾಗಿತ್ತು. ನನ್ನ ಆಸೆಗೆ ನಿನ್ನ ಎರಡು ವರ್ಷ ಓಯ್ತು, ಈಗ ಕೆಲ್ಸಾನೂ ಓಯ್ತು..."

ಅವನು ತಾಯಿಯ ಮುಂದೆ ಕುಳಿತು ಅವರ ಕಾಲನ್ನು ಮಡಿಲಿಗೆ ತೆಗೆದುಕೊಂಡ. "ಓಗ್ಲಿ ಬುಡು ಅವ್ವ. ಇವತ್ತು ಕೇಳ್ದಲ್ಲ, ಎಂಗಿತ್ತು ಹೇಳು."

ಶಿವರತ್ನಮ್ಮ ಹಾಡುಗಾರ್ತಿಯಾಗಿ ಯೋಚಿಸಿದರು.

"ಮೊದಮೊದಲು ನನ್ನನ್ನೇ ಹುಡುಕ್ತಾ ಕೇಳ್ದೆ. ಈಗ ಬತ್ತೀನಿ, ಈಗ ಬತ್ತೀನಿ ಅಂತ. ಕಡೇಗಂಟ ನಾನು ಎಲ್ಲೂ ಬರ್ನಿಲ್ಲ." ಕಣ್ಣೊರೆಸಿಕೊಂಡು ನಕ್ಕರು. "ಆಮೇಲೆ ಎದೆ ಅಗೂರಾಯ್ತು ಕಣಪ್ಪ."

ಸಿದ್ದಮಲ್ಲಪ್ಪನವರು ಏಳು ತಿಂಗಳು ತಂಗಿಯ ಮನೆಯ ಕಡೆ ತಲೆಹಾಕಲಿಲ್ಲ. ಕೆಂಪನಂಜಪ್ಪ ಕೊಳ್ಳೇಗಾಲದಲ್ಲೇ ಉಳಿದ. ಹನುಮಯ್ಯನನ್ನೂ ಮಾರ್ಟಳ್ಳಿಯ ಕ್ಲಾರಿನೆಟ್ಟಿನವನೊಬ್ಬನನ್ನೂ ಕಟ್ಟಿಕೊಂಡು ಸಣ್ಣದೊಂದು ತಂಡ ಮಾಡಿದ. ಮದುವೆಗಳಿಗೆ ಕರೆಯುವವರು ಕಡಿಮೆ. ಕರೆದವರು ಮಾತ್ರ ಮತ್ತೆ ಕರೆದರು. ಗೋವೆಯ ಮುದುಕನಿಗೆ ಕಾಗದ ಬರೆದ. ಕೆಲಸವಿಲ್ಲ, ಆದರೆ ಯಾವ ಭಾನುವಾರ ಬಂದರೂ ಅರ್ಧ ಗಂಟೆ ನಿನ್ನದು ಎಂದು ಉತ್ತರ ಬಂತು. ತಿಂಗಳಿಗೊಂದು ಭಾನುವಾರ ಹೋಗಿಬರತೊಡಗಿದ.

ಚನ್ನಾಜಮ್ಮ ಬಸುರಿ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದ ಮೇಲೆ ಸಿದ್ದಮಲ್ಲಪ್ಪನವರಿಗೆ ತಡೆಯಲಾಗಲಿಲ್ಲ. ಒಂದು ಬೆಳಗ್ಗೆ ಚೀಲದ ತುಂಬ ಹುಣಸೆಕಾಯಿ, ನೆಲ್ಲಿಕಾಯಿ ಹಿಡಿದು ಬಂದರು. ಒಳಗೆ ಬರಲು ಮುಖವಿಲ್ಲದೆ ಜಗಲಿಯ ಮೇಲೆ ಕುಳಿತರು. ಹಿಂದಿನ ಕೋಣೆಯಲ್ಲಿ ಅಳಿಯ ನುಡಿಸುತ್ತಿದ್ದ. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ತಂಗಿ ಇನ್ನೇನೋ ಒಂದು ಪದವನ್ನು ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದರು. ಯಳಂದೂರಿನ ಆ ಸಂಜೆಯ ನಂತರ ಅವರು ಬಾಯಿಬಿಟ್ಟು ಹಾಡಿದ್ದು ಅದೇ ಮೊದಲು. ದನಿ ಏರಿತು, ಏರಿ ಒಡೆಯಿತು. ಹಿಂದಿನ ಕೋಣೆಯ ವಾದ್ಯ ಅದನ್ನು ಮುಚ್ಚಲು ಬರಲಿಲ್ಲ. ತನ್ನ ದಾರಿಯಲ್ಲೇ ಹೋಗುತ್ತಿತ್ತು. ಶಿವರತ್ನಮ್ಮನವರೂ ನಿಲ್ಲಿಸಲಿಲ್ಲ. ಒಡಕು ದನಿಯಲ್ಲೇ ಮುಂದಿನ ಸಾಲಿಗೆ ಹೋದರು.

ಸಿದ್ದಮಲ್ಲಪ್ಪನವರು ಗಾಬರಿಯಿಂದ ಎದ್ದರು. ಬಾಗಿಲಿಗೆ ಬಂದ ಮಗಳು ಅವರ ಕೈಯಿಂದ ಚೀಲ ಇಸಿದುಕೊಂಡಳು.

"ಅವಳ ದನಿ ಒಡೀತಾ ಅದೆ ಕಣವ್ವ, ಅವನಿಗೆ ಕೇಳ್ತಿಲ್ವಾ?" ಎಂದರು.

"ಕೇಳ್ತದೆ," ಎಂದಳು ಚನ್ನಾಜಮ್ಮ. "ಒಳಕ್ಕೆ ಬಂದು ಕೂತ್ಕಳಪ್ಪ. ಕಾಫಿ ಕಾಯಿಸ್ತೀನಿ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.