ಅಂಗಾತ ಮಲಗಿದ ಫಲಕ

ಪಾಸ್ತೊರಾ ಅಂಗಡಿಯೊಳಕ್ಕೆ ನುಗ್ಗಿದಾಗ ಅವಳ ಒಂದು ಕಾಲಲ್ಲಷ್ಟೇ ಚಪ್ಪಲಿಯಿತ್ತು. ಇನ್ನೊಂದು ರಸ್ತೆಯಲ್ಲಿ ಎಲ್ಲೋ ಬಿದ್ದುಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಮನೊಂಗ್ ನಾರ್ದೊ! ಮನಾಂಗ್ ಪುರಿಂಗ್ ಎಲ್ಲಿ? ಕರಿ ಅವರನ್ನ. ಮುಗೀತು ಅಣ್ಣಾ, ನಮ್ಮ ಕಥೆ ಮುಗೀತು!"

ನಾರ್ದೊ ತೊಳೆಯುತ್ತಿದ್ದ ಬಟ್ಟಲನ್ನು ಕೆಳಗಿಟ್ಟ. ಅಣ್ಣನನ್ನೂ ಹಿರಿಯ ಗಂಡಸರನ್ನೂ ಅಲ್ಲಿ ಮನೊಂಗ್ ಎನ್ನುತ್ತಾರೆ, ಅಕ್ಕನನ್ನೂ ಹಿರಿಯ ಹೆಂಗಸರನ್ನೂ ಮನಾಂಗ್. ತಂಗಿ ಹೀಗೆ ಕೂಗಿದ್ದನ್ನು ಅವನು ಹಿಂದೆ ಒಮ್ಮೆ ಮಾತ್ರ ಕೇಳಿದ್ದ, ಬಿರುಗಾಳಿ ಅವಳ ಗಂಡನ ದೋಣಿಯನ್ನು ಒಯ್ದ ದಿನ.

ಒಲೆಯ ಹಿಂದಿನಿಂದ ಸೌಟು ಹಿಡಿದೇ ಪುರಿಂಗ್ ಈಚೆ ಬಂದಳು. "ಮೊದಲು ಕೂತ್ಕೊ ಇಂದಾಯ್, ಕೂತ್ಕೊ ತಂಗಿ. ಯಾರು ಸತ್ರು?"

"ಸತ್ತಿಲ್ಲ. ಇನ್ನೂ ಸತ್ತಿಲ್ಲ. ಗುಂಬಾನ್ ತಾತಂಗೆ ಯಾರೋ ಏನೋ ಕುಡಿಸಿಬಿಟ್ಟಿದ್ದಾರೆ. ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ಮೂರನೇ ಕುರ್ಚಿ ಖಾಲಿ ಮನಾಂಗ್!"

ಪುರಿಂಗ್ ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟು ಒಲೆ ಆರಿಸಿದಳು. ಗಿರಾಕಿಗಳು ಕೂತಿರುವಾಗ ಅವಳು ಒಲೆ ಆರಿಸಿದ್ದನ್ನು ನಾರ್ದೊ ಹಿಂದೆಂದೂ ಕಂಡಿರಲಿಲ್ಲ.

ಅಂಗಡಿಯ ಎದುರಿಗೇ ಪ್ರಾಂತ್ಯದ ಶಾಸನಸಭೆಯ ಕಟ್ಟಡ. ಪುರಿಂಗ್ ಸತತ ಮೂರು ಸಲ ಅಲ್ಲಿ ಸದಸ್ಯೆಯಾಗಿದ್ದವಳು. ನಾಲ್ಕನೇ ಸಲ ನಿಲ್ಲಲು ಕಾನೂನು ಬಿಡಲಿಲ್ಲ. ರಸ್ತೆ ದಾಟಿ ಬಂದು ಶಾವಿಗೆ ಸಾರಿನ ಅಂಗಡಿ ಇಟ್ಟಳು. ಕಳೆದುಹೋದ ಹಂದಿಯಿಂದ ಹಿಡಿದು ಸುಳ್ಳು ಉಯಿಲಿನ ತನಕ ಊರವರ ಕಗ್ಗಂಟುಗಳೆಲ್ಲ ಆ ಅಂಗಡಿಗೇ ಬರುತ್ತಿದ್ದವು. ಪೊಲೀಸ್ ಕೆಲಸ ಬಿಟ್ಟ ಮೇಲೆ ನಾರ್ದೊ ಅವಳ ಜೀಪು ಓಡಿಸುತ್ತ, ಬಟ್ಟಲು ತೊಳೆಯುತ್ತ, ಅವಳು ಹೋದಲ್ಲೆಲ್ಲ ಹೋಗುತ್ತ ಉಳಿದುಬಿಟ್ಟಿದ್ದ.

ಆ ಮೂರನೇ ಕುರ್ಚಿ ಎಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಸ್ತೊರಾಳ ಹಳ್ಳಿಯ ಕಡಲಂಚಿನ ಕಾಂಡ್ಲಾ ಕಾಡನ್ನು ಕಡಿದು, ಕೊಲ್ಲಿಗೆ ಮಣ್ಣು ತುಂಬಿ ಬಂದರು ಕಟ್ಟಲು ಒಂದು ಕಂಪನಿ ಬಂದಿತ್ತು. ಯಂತ್ರಗಳು ದಡದಲ್ಲೇ ನಿಂತಿದ್ದವು. ಅದನ್ನು ತಡೆಯುವ ಮಸೂದೆ ಪರಿಸರ ಸಮಿತಿಯಲ್ಲಿತ್ತು. ಸಮಿತಿಯಲ್ಲಿ ಐವರು. ಮೂವರು ಕೂತರೆ ಕೋರಂ. ಅಧಿವೇಶನದ ಕೊನೆಯ ದಿನವಾದ ಇವತ್ತು, ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಸಮಿತಿ ಒಪ್ಪಿ ಕಳಿಸದಿದ್ದರೆ ಮಸೂದೆ ಸತ್ತಂತೆ. ಕಳಿಸಿದರೆ ಪೂರ್ಣ ಸಭೆಯಲ್ಲಿ ಅದು ಗೆಲ್ಲುವುದು ಖಚಿತವಿತ್ತು. ವಿರೋಧಿಗಳಲ್ಲಿ ಒಬ್ಬ ವಾರದ ಹಿಂದೆಯೇ ಮನಿಲಾಕ್ಕೆ ಹೋಗಿ ಕೂತಿದ್ದ. ಇನ್ನೊಬ್ಬ ದೊನ್ ಹಸಿಂತೊ ಮಾಪಾ. ಅವನು ಕಟ್ಟಡದಲ್ಲೇ ಇದ್ದ, ಆದರೆ ಸಮಿತಿಯ ಕೋಣೆಗೆ ಕಾಲಿಡುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದ. ಉಳಿದವರು ಅಧ್ಯಕ್ಷೆ ಲೂರ್ದೆಸ್ ಪಾಲ್ಮಾರೆಸ್, ವಕೀಲ ಎಲಿಯೊ ಕಾತಾಲ್ಬಾಸ್, ಮುದುಕ ಗುಂಬಾನ್. ಸರಿಯಾಗಿ ಮೂವರು.

ಶಾಸನಸಭೆಯ ಅಂಗಳದ ತುಂಬ ಬೆಸ್ತರು ಕೂತಿದ್ದರು. ಯಾರೂ ಘೋಷಣೆ ಕೂಗುತ್ತಿರಲಿಲ್ಲ. ಒಬ್ಬ ಮುದುಕಿ ನಾರ್ದೊನ ಅಂಗಿ ಹಿಡಿದು, "ನಾಳೆ ನಾವೆಲ್ಲಿ ಇರೋದಪ್ಪಾ?" ಎಂದಳು. ಅವನು ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದ.

ಸಮಿತಿಯ ಕೋಣೆಯಲ್ಲಿ ಪೊಲೀಸ್ ಕ್ಯಾಪ್ಟನ್ ಆಗಲೇ ಚಹಾ ತರುವ ದೆಲಿಯಾಳ ಕೈಗೆ ಬೇಡಿ ಹಾಕಿಸಿದ್ದ.

"ಇವಳೇ ಶುಂಠಿ ಕಷಾಯ ತಂದಿದ್ದು, ಇವಳೇ ಅವರನ್ನ ಕಂಡದ್ದು. ಇನ್ನೇನು ಬೇಕು ಮನಾಂಗ್?"

"ಊಟ ಆಯ್ತಾ ಕ್ಯಾಪ್ಟನ್? ಆಗದಿದ್ರೆ ಇವಳ ಕೈಯಿಂದಲೇ ತಿನ್ನಿ. ಇಪ್ಪತ್ತು ವರ್ಷದಿಂದ ತಿಂದಿದ್ದೀರಿ, ಸತ್ತಿಲ್ಲ," ಎಂದು ಹೇಳಿ ಪುರಿಂಗ್ ದೆಲಿಯಾಳ ಕಡೆ ತಿರುಗಿದಳು. "ಹೇಳವ್ವ, ಏನಾಯ್ತು?"

ದೆಲಿಯಾ ಬಿಕ್ಕುತ್ತ ಹೇಳಿದಳು. "ತಾತ ಎಲ್ಲರಿಗಿಂತ ಮುಂಚೆ ಬರ್ತಾರೆ. ತಮ್ಮ ಜಾಗದಲ್ಲಿ ಕೂತಿದ್ರು. ಫ್ಲಾಸ್ಕು ಇಟ್ಟೆ. 'ಇವತ್ತು ಗೆಲ್ತೀವಿ ಕಣೇ' ಅಂದ್ರು. ನಾನು ಕೆಳಗೆ ಹೋದೆ. ಆಮೇಲೆ ಗಿಡಕ್ಕೆ ನೀರು ಹಾಕೋಕೆ ಬಾಲ್ಕನಿ ಬಾಗಿಲು ತೆಗೆದ್ರೆ ಅಲ್ಲಿ ನೆಲದ ಮೇಲೆ..."

"ಬಾಗಿಲಿಗೆ ಚಿಲಕ?"

"ಈ ಕೋಣೆಯ ಕಡೆಯಿಂದ ಹಾಕಿತ್ತು. ಕೈ ಒದ್ದೆ ಇತ್ತು ಅಂತ ಒರೆಸೋ ಬಟ್ಟೇಲಿ ಹಿಡಿದು ತೆಗೆದೆ."

"ನಾರ್ದೊ, ಆ ಚಿಲಕದ ಹತ್ತಿರ ನಿಂತ್ಕೊ. ಯಾರೂ ಮುಟ್ಟಬಾರದು."

ನಾರ್ದೊ ಅಲ್ಲಿಂದಲೇ ಕೋಣೆಯನ್ನು ನೋಡಿದ. ಉದ್ದನೆಯ ಮೇಜು. ತಲೆಯ ಕಡೆ ಅಧ್ಯಕ್ಷೆಯ ಕುರ್ಚಿ. ಒಂದು ಪಕ್ಕದಲ್ಲಿ ಗುಂಬಾನ್ ಮತ್ತು ಕಾತಾಲ್ಬಾಸ್, ಎದುರು ಪಕ್ಕದಲ್ಲಿ ಇನ್ನಿಬ್ಬರು. ಪ್ರತಿಯೊಬ್ಬರ ಮುಂದೆ ಮರದ ಹೆಸರುಫಲಕ. ಮೂರು ಫಲಕಗಳು ನೆಟ್ಟಗೆ ನಿಂತಿದ್ದವು. ಮನಿಲಾಕ್ಕೆ ಹೋದವನದು ಬೋರಲಾಗಿ ಬಿದ್ದಿತ್ತು. ಗುಂಬಾನನದು ಅಂಗಾತ, ಹೆಸರು ಮೇಲೆ ಮಾಡಿ ಮಲಗಿತ್ತು.

ಪುರಿಂಗ್ ಅದರ ಮುಂದೆ ಬಾಗಿ ನಿಂತಳು. "ಇದನ್ನ ಯಾರು ಮಲಗಿಸಿದ್ದು?"

"ನಾನು ಬಂದಾಗಲೇ ಹಾಗಿತ್ತು," ಎಂದಳು ಅಧ್ಯಕ್ಷೆ ಲೂರ್ದೆಸ್. ಅವಳು ಬೆಳಿಗ್ಗೆಯಿಂದ ಅಂಗಳದಲ್ಲಿ ಬೆಸ್ತರ ಜೊತೆಗಿದ್ದು ಆಮೇಲೆ ಮೇಲೆ ಬಂದಿದ್ದಳು. "ತಾತ ಹುಷಾರಿಲ್ಲ ಅಂತ ಹೇಳಿಕಳಿಸಿರಬೇಕು ಅಂದ್ಕೊಂಡೆ. ನನ್ನ ಎದೆ ಅಲ್ಲೇ ಒಡೀತು."

"ದೆಲಿಯಾ, ನೀನು ಫ್ಲಾಸ್ಕು ಇಡೋವಾಗ?"

"ನಿಂತಿತ್ತು ಮನಾಂಗ್. ಅದರ ಪಕ್ಕದಲ್ಲೇ ಇಟ್ಟೆ. ಫಲಕ ನಾವು ಮುಟ್ಟಲ್ಲ. ಹೊರಗಿನವರು ಮುಟ್ಟಿದ್ರೆ ಆ ಸದಸ್ಯರಿಗೆ ಕೇಡು ಅಂತಾರೆ."

ಮೂಲೆಯಲ್ಲಿ ಕಾತಾಲ್ಬಾಸ್ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಕಡಲಂಚಿನ ಹಳ್ಳಿಗಳ ಮತದಿಂದಲೇ ಗೆದ್ದವನು. ಮೆದು ಮಾತಿನವನು. ಪಾಸ್ತೊರಾಳ ಮಕ್ಕಳನ್ನು ಇಗರ್ಜಿಯಲ್ಲಿ ದೀಕ್ಷಾಸ್ನಾನಕ್ಕೆ ಎತ್ತಿಕೊಂಡ ದೀಕ್ಷಾತಂದೆ ಅವನೇ.

"ನಾನು ಅಧ್ಯಕ್ಷೆಯ ಹಿಂದೇನೇ ಬಂದೆ ಮನಾಂಗ್," ಎಂದ. "ಕೈ ಎತ್ತೋಕೆ ಅಂತ ಸಿದ್ಧನಾಗಿ ಬಂದೆ. ಈಗ ಇಬ್ಬರೇ ಕೂತು ಏನು ಮಾಡೋದು? ಈ ಹಾಳು ನಿಯಮ! ಕೋರಂ ಇದೆ ಅಂತ ಒಮ್ಮೆ ಸಾರಿದ್ರೆ ಸಾಕು, ಸದಸ್ಯನೊಬ್ಬ ತನ್ನ ಜಾಗದಲ್ಲಿ ಎದ್ದು 'ಕೋರಂ ಎಲ್ಲಿ' ಅಂತ ಕೇಳೋ ತನಕ ಅದು ಇದ್ದ ಹಾಗೇ. ಆದ್ರೆ ಸಾರೋಕೆ ಮೂವರು ಬೇಕಲ್ಲ."

"ಬೇಕು," ಎಂದಳು ಪುರಿಂಗ್.

ಆಸ್ಪತ್ರೆಯಿಂದ ಫೋನು ಬಂತು. ನಿದ್ದೆಯ ಔಷಧಿ, ಮುದುಕನ ಹೃದಯಕ್ಕೆ ವಿಪರೀತ ಹೆಚ್ಚು. ಉಸಿರು ಇದೆ, ಎಚ್ಚರ ಇಲ್ಲ. ಪಾಸ್ತೊರಾ ಗೋಡೆಗೆ ಹಣೆ ಒತ್ತಿ ನಿಂತಳು. ನಾರ್ದೊ ಗಡಿಯಾರ ನೋಡಬಾರದೆಂದು ಎಷ್ಟೇ ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮುಳ್ಳುಗಳು ಕೂಡಲು ಇನ್ನು ಸ್ವಲ್ಪವೇ ಉಳಿದಿತ್ತು. ತಾನು ಹುಟ್ಟಿದ ದಡ ಅದು. ನಾಳೆ ಅಲ್ಲಿ ಮಣ್ಣಿನ ಗುಡ್ಡೆ.

ಪುರಿಂಗ್ ಅಧ್ಯಕ್ಷೆಯ ಕಿವಿಯಲ್ಲಿ ಏನೋ ಹೇಳಿದಳು. ಲೂರ್ದೆಸಳ ಕಣ್ಣು ಅಗಲವಾಯಿತು. ಆಮೇಲೆ ಪುರಿಂಗ್ ಹೊರಗಿನ ಓಣಿಗೆ ಕೇಳುವಂತೆ ಗಟ್ಟಿಯಾಗಿ ಸಾರಿದಳು.

"ಕ್ಯಾಪ್ಟನ್, ರೇಡಿಯೊದವರನ್ನೂ ಒಳಗೆ ಬಿಡಿ. ಗುಂಬಾನ್ ತಾತನಿಗೆ ವಿಷ ಹಾಕಿದೋರು ಯಾರು ಅಂತ ಹೇಳ್ತೀನಿ. ದೊನ್ ಹಸಿಂತೊ ಮಾಪಾ ಅವರಿಗೂ ಹೇಳಿ, ಅವರ ಹೆಸರೇ ಮೊದಲು ಬರುತ್ತೆ ಅಂತ. ಬರೋಕೆ ಧೈರ್ಯ ಇಲ್ದಿದ್ರೆ ಕೋಣೇಲೇ ಬಚ್ಚಿಟ್ಕೊಳ್ಳಲಿ."

ಮಾಪಾನ ಹೆಜ್ಜೆ ಓಣಿಯ ತುದಿಯಿಂದಲೇ ಕೇಳಿಸಿತು. ಭಾರೀ ದೇಹದ ಮನುಷ್ಯ, ಕತ್ತಿನವರೆಗೂ ಕೆಂಪಾಗಿದ್ದ.

"ಏನಂದೆ? ನಾನು ವಿಷ ಹಾಕ್ತೀನಾ? ಆ ಮುದುಕನ ಜೊತೆ ಮೂವತ್ತು ವರ್ಷ ಜಗಳ ಆಡಿದ್ದೀನಿ, ಎದುರಾಎದುರು! ಸಾರು ಮಾರೋಳ ಹತ್ರ ನಾನು ಕಳ್ಳ ಅನ್ನಿಸ್ಕೋಬೇಕಾ?"

"ಕೂತು ಮಾತಾಡಿ ಮನೊಂಗ್ ಹಸಿಂತೊ. ಗಂಟಲು ಕಿತ್ತುಹೋಗುತ್ತೆ."

ಅವನು ತನ್ನ ಕುರ್ಚಿಯನ್ನೆಳೆದು ಧೊಪ್ಪನೆ ಕೂತ. ಅದೇ ಕ್ಷಣ ಲೂರ್ದೆಸ್ ಮರದ ಸುತ್ತಿಗೆ ಬಡಿದಳು.

"ಸಭೆ ಶುರುವಾಯ್ತು. ಪಾಲ್ಮಾರೆಸ್, ಹಾಜರು. ಕಾತಾಲ್ಬಾಸ್, ಹಾಜರು. ಮಾಪಾ, ಹಾಜರು. ಕೋರಂ ಇದೆ ಅಂತ ಸಾರ್ತಿದ್ದೀನಿ."

ಮಾಪಾ ಬಾಯಿ ತೆರೆದ, ಮುಚ್ಚಿದ. ಕೋರಂ ಇಲ್ಲವೆನ್ನಲು ಅವನು ತನ್ನ ಜಾಗದಲ್ಲಿರಬೇಕು. ಅವನು ಜಾಗದಲ್ಲಿದ್ದರೆ ಕೋರಂ ಇದ್ದೇ ಇದೆ. ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದ.

"ನನ್ನನ್ನ ಬಲೆಗೆ ಹಾಕಿದ್ರಿ!" ಎಂದವನೇ ಬಾಗಿಲಾಚೆ ಹೋಗಿ, ಅಲ್ಲೇ ಓಣಿಯಲ್ಲಿ ನಿಂತ. ಏನಾಗುತ್ತದೆಂದು ನೋಡದೆ ಹೋಗಲು ಅವನಿಂದಾಗಲಿಲ್ಲ.

ಈಗ ಮೇಜಿನಲ್ಲಿ ಉಳಿದವರು ಇಬ್ಬರು. ಕೋರಂ ಎಲ್ಲಿ ಎಂದು ಕೇಳಬಲ್ಲ ಬಾಯಿ ಒಂದೇ ಒಂದು. ಪುರಿಂಗ್ ಕಾತಾಲ್ಬಾಸನನ್ನೇ ನೋಡುತ್ತಿದ್ದುದನ್ನು ನಾರ್ದೊ ಕಂಡ.

"ಮಸೂದೆಯನ್ನು ಪೂರ್ಣ ಸಭೆಗೆ ಕಳಿಸಬೇಕು ಅನ್ನೋರು?" ಎಂದಳು ಲೂರ್ದೆಸ್, ತನ್ನ ಕೈ ಎತ್ತಿ.

ಕಾತಾಲ್ಬಾಸ್ ಅಲುಗಲಿಲ್ಲ.

"ಕುಂಪಾದ್ರೆ," ಎಂದಳು ಪಾಸ್ತೊರಾ. ಮಕ್ಕಳ ದೀಕ್ಷಾತಂದೆಯನ್ನು ಆ ಊರಿನಲ್ಲಿ ಹಾಗೆ ಕರೆಯುತ್ತಾರೆ. "ಕುಂಪಾದ್ರೆ, ಕೈ ಎತ್ತಿ."

ರೇಡಿಯೊದವನ ಮೈಕು ಅವನ ಕಡೆ ತಿರುಗಿತ್ತು. ಬಾಗಿಲಲ್ಲಿ ಬೆಸ್ತರ ಮುಖಗಳು ಒಂದರ ಮೇಲೊಂದು. ಕಾತಾಲ್ಬಾಸನ ಕೈ ಮೇಲೆ ಬಂತು, ಯಾರೋ ನೀರಿನಿಂದ ಎಳೆದ ಹಾಗೆ.

ಸುತ್ತಿಗೆ ಬಡಿಯಿತು. ಗುಮಾಸ್ತ ಕಡತ ಎತ್ತಿಕೊಂಡು ಓಡಿದ. ಅವನು ಮೆಟ್ಟಿಲು ದಾಟಿದ ಮೇಲೆ ಇಗರ್ಜಿಯ ಗಂಟೆ ಹೊಡೆಯಿತು. ಪಾಸ್ತೊರಾ ನೆಲದ ಮೇಲೆ ಕುಸಿದು ಕೂತಳು.

"ಸರಿ," ಎಂದಳು ಪುರಿಂಗ್. ಅವಳ ದನಿಯಲ್ಲಿ ಗೆಲುವಿರಲಿಲ್ಲ. "ಮನೊಂಗ್ ಹಸಿಂತೊ, ತಪ್ಪಾಯ್ತು. ನೀವು ಹಾಕಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಕ್ಯಾಪ್ಟನ್, ಬೇಡಿ ಬಿಚ್ಚಿ. ಈಗ ಕೇಳಿ."

ಅವಳು ಮಲಗಿದ ಫಲಕದತ್ತ ಕೈ ತೋರಿಸಿದಳು.

"ಈ ಸಭೇಲಿ ಒಂದು ಪದ್ಧತಿ ಇದೆ. ಪುಸ್ತಕದಲ್ಲಿಲ್ಲ, ನಮ್ಮ ಕೈಯಲ್ಲಿದೆ. ಸದಸ್ಯ ಎದ್ದುಹೋದ್ರೆ ಅವನ ಫಲಕ ಅವನೇ ಮಲಗಿಸಲ್ಲ, ಪಕ್ಕದ ಕುರ್ಚಿಯವನು ಮಲಗಿಸ್ತಾನೆ. ಹೇಳದೆ ಕೇಳದೆ ತಪ್ಪಿಸಿಕೊಂಡೋನದು ಬೋರಲು. ಕಾಯಿಲೆ ಅಂತ ರಜೆ ಪಡೆದೋನದು ಅಂಗಾತ. ಆ ಮನಿಲಾದವನದು ನೋಡಿ, ಬೋರಲು. ಗುಂಬಾನ್ ತಾತಂದು ಅಂಗಾತ. ದೆಲಿಯಾ ಹೋಗೋವಾಗ ನಿಂತಿತ್ತು, ಅಧ್ಯಕ್ಷೆ ಬರೋ ಹೊತ್ತಿಗೆ ಮಲಗಿತ್ತು. ತಾತನಿಗೆ ಹುಷಾರಿಲ್ಲ ಅಂತ ಆಗ ಲೋಕಕ್ಕೇ ಗೊತ್ತಿರಲಿಲ್ಲ. ಬಾಲ್ಕನಿ ಬಾಗಿಲು ಇನ್ನೂ ತೆಗೆದೇ ಇರಲಿಲ್ಲ. ಹಾಗಾದ್ರೆ ಅವರು ಕಾಯಿಲೆಯವರು ಅಂತ ಗೊತ್ತಿದ್ದದ್ದು ಯಾರಿಗೆ?"

"ಹಾಕಿದವನಿಗೆ," ಎಂದ ಕ್ಯಾಪ್ಟನ್ ನಿಧಾನವಾಗಿ.

"ದೆಲಿಯಾ ಫಲಕ ಮುಟ್ಟಲ್ಲ. ಕಂಪನಿಯವರಿಗೆ ಈ ಪದ್ಧತಿಯೇ ಗೊತ್ತಿಲ್ಲ. ಲೂರ್ದೆಸ್ ಊರವರೆಲ್ಲರ ಕಣ್ಣೆದುರು ಅಂಗಳದಲ್ಲಿದ್ದಳು. ಮನೊಂಗ್ ಹಸಿಂತೊ ಕೂರೋದು ಎದುರುಗಡೆ, ಅಲ್ಲಿಂದ ಎದ್ದುಬಂದು ಹಗೆಯವನ ಮರ್ಯಾದೆ ಕಾಯೋ ಮನುಷ್ಯ ಅಲ್ಲ. ತಾತನ ಪಕ್ಕದ ಕುರ್ಚಿ ಯಾರದು?"

ಎಲ್ಲರೂ ಕಾತಾಲ್ಬಾಸನ ಕಡೆ ನೋಡಿದರು.

"ತಾತ ತೂಕಡಿಸಿದಾಗ 'ಬನ್ನಿ, ಗಾಳಿಗೆ ಹೋಗೋಣ' ಅಂತ ಎಬ್ಬಿಸಿದೆ, ಎಲಿಯೊ. ಎಬ್ಬಿಸೋವಾಗ ಎಡಗೈ ತನ್ನ ಪಾಡಿಗೆ ತಾನು ಫಲಕ ಮಲಗಿಸ್ತು. ಬೋರಲು ಹಾಕೋಕೆ ನಿನ್ನ ಮನಸ್ಸು ಒಪ್ಪಲಿಲ್ಲ. ಅಷ್ಟು ಮರ್ಯಾದಸ್ಥ ನೀನು. ಆಮೇಲೆ ಚಿಲಕ ಹಾಕಿ ಹೊರಗೆ ಹೋದೆ, ಆಗಷ್ಟೇ ಬಂದವನ ಹಾಗೆ ಅಧ್ಯಕ್ಷೆಯ ಹಿಂದೆ ಬಂದೆ. ಅಧ್ಯಕ್ಷೆಯ ಹಿಂದೆ ಬಂದವನ ಬೆರಳ ಗುರುತು ಚಿಲಕದ ಮೇಲೆ ಇದೆಯೋ ಇಲ್ವೋ, ಕ್ಯಾಪ್ಟನ್ ನೋಡ್ತಾರೆ. ನಾರ್ದೊ ಕಾದಿದ್ದಾನೆ."

"ಆದ್ರೆ ಇವರು ನಮ್ಮ ಕಡೆಯವರು!" ಪಾಸ್ತೊರಾ ಕಿರುಚಿದಳು.

"ಅದಕ್ಕೇ ಇಂದಾಯ್. ವಿರೋಧವಾಗಿ ಕೈ ಎತ್ತಿದ್ರೆ ಇವನಿಗೆ ನಿಮ್ಮ ಮತ ಹೋಗುತ್ತೆ. ಕೋರಂ ಇಲ್ದೆ ಸಭೆ ಸತ್ರೆ ಎರಡೂ ಉಳಿಯುತ್ತೆ, ನಿಮ್ಮ ಮತಾನೂ, ಕಂಪನಿಯ ಸ್ನೇಹಾನೂ. ನಾನು ಹೆಸರು ಮೊದಲೇ ಹೇಳಿದ್ರೆ ಇವನು ಎದ್ದು ಹೋಗ್ತಿದ್ದ, ಮಸೂದೆನೂ ಹೋಗ್ತಿತ್ತು. ನನಗೆ ಇವನ ಕೈ ಬೇಕಿತ್ತು."

ಕಾತಾಲ್ಬಾಸ್ ಮಲಗಿದ ಫಲಕದಿಂದ ಕಣ್ಣು ತೆಗೆಯದೆ ಮಾತಾಡಿದ. "ಗವರ್ನರ್ ಚುನಾವಣೆಗೆ ನಿಲ್ಲಿಸ್ತೀವಿ ಅಂದ್ರು ಕಂಪನಿಯವರು. ನನ್ನ ಹೆಂಡತಿಯ ನಿದ್ದೆ ಮಾತ್ರೆ ಕಷಾಯಕ್ಕೆ... ಮಧ್ಯಾಹ್ನದ ತನಕ ಮಲಗಿದ್ರೆ ಸಾಕು ಅಂತ. ಅವರ ಹೃದಯ ಅಷ್ಟು ಸೋತಿದೆ ಅಂತ ನನಗೆ ಗೊತ್ತಿರಲಿಲ್ಲ ಮನಾಂಗ್. ಅವರೇ ನನಗೆ ಈ ಸಭೆಯ ನಡವಳಿಕೆ ಕಲಿಸಿದ್ದು."

"ಚೆನ್ನಾಗೇ ಕಲಿಸಿದ್ದಾರೆ," ಎಂದಳು ಪುರಿಂಗ್.

ಪೊಲೀಸರು ಅವನ ತೋಳು ಹಿಡಿದರು. ಬಾಗಿಲ ಹತ್ತಿರ ಅವನು ನಿಂತು ಹಿಂದಿರುಗಿ ನೋಡಿದ. ಅವನ ಫಲಕ ಇನ್ನೂ ನೆಟ್ಟಗಿತ್ತು. ಮಲಗಿಸಬೇಕಾದ ಪಕ್ಕದವನು ಆಸ್ಪತ್ರೆಯಲ್ಲಿದ್ದ. ಕಾತಾಲ್ಬಾಸ್ ಮರಳಿ ಬಂದು ತನ್ನ ಫಲಕವನ್ನು ತಾನೇ ಬೋರಲು ಹಾಕಿದ. ಪಾಸ್ತೊರಾ ಅವನ ಮುಖ ನೋಡಲಿಲ್ಲ.

ಅವರೆಲ್ಲ ಹೋದ ಮೇಲೆ ಮಾಪಾ ಓಣಿಯಿಂದ ಒಳಗೆ ಬಂದ. ಮೇಜನ್ನು ಸುತ್ತಿ ಬಂದು, ಗುಂಬಾನನ ಕುರ್ಚಿಯ ಮುಂದೆ ನಿಂತು, ದಪ್ಪ ಬೆರಳುಗಳಿಂದ ಆ ಫಲಕವನ್ನೆತ್ತಿ ನೆಟ್ಟಗೆ ನಿಲ್ಲಿಸಿದ.

"ಏನ್ ನೋಡ್ತೀಯಾ ಸಾರಿನವಳೇ?" ಎಂದ ಪುರಿಂಗ್‌ಗೆ. "ಅವನು ವಾಪಸ್ ಬರ್ಬೇಕು. ನನ್ನ ಮಾತಿಗೆ ಅಡ್ಡ ಬರೋಕೆ ಇಲ್ಲಿ ಇನ್ಯಾರಿದ್ದಾರೆ?"

ಆಸ್ಪತ್ರೆಯ ಫೋನು ಮತ್ತೆ ಬಂದಿರಲಿಲ್ಲ. ನಾರ್ದೊ ಚಿಲಕದ ಕಾವಲು ಬಿಟ್ಟು, ತನ್ನ ಚಪ್ಪಲಿ ಕಳಚಿ ತಂಗಿಯ ಕಾಲಬಳಿ ಇಟ್ಟ. ಆಸ್ಪತ್ರೆಗೆ ಹೋಗಲು ಜೀಪು ತರಬೇಕೆಂದು ಬರಿಗಾಲಲ್ಲೇ ಮೆಟ್ಟಿಲಿಳಿದ.